ಶ್ವಾನವತ್ಸಲರು

ಗಿರಣಿಯ ಲೆಕ್ಕಪತ್ರಗಳಲ್ಲಿ ಆಯುಷ್ಯವನ್ನು ಸವೆಸಿ ನಿವೃತ್ತರಾಗಿ, ಮಕ್ಕಳೆಲ್ಲ ಪುಣೆ ಮುಂಬಯಿಗಳಿಗೆ ಹಾರಿಹೋದ ಮೇಲೆ ಹೃದಯದಲ್ಲಿ ಮಿಕ್ಕ ವಾತ್ಸಲ್ಯವನ್ನೆಲ್ಲ ಒಂದೇ ಪ್ರಾಣಿಯ ಮೇಲೆ ಸುರಿಯಲು ಕಟಿಬದ್ಧರಾದ ಮಹನೀಯರೊಬ್ಬರು ಸೊಲ್ಲಾಪುರದ ಪ್ರತಿಯೊಂದು ಪೇಟೆಯಲ್ಲಿಯೂ ಇದ್ದೇ ಇರುವರು. ನಮ್ಮ ನೆರೆಯ ಶ್ವಾನವತ್ಸಲರು ಮನೆಯಲ್ಲಿ ಕನ್ನಡವನ್ನೂ, ಕಚೇರಿಯಲ್ಲಿ ಮರಾಠಿಯನ್ನೂ, ಪದ್ಮಶಾಲಿ ನೇಕಾರರೊಡನೆ ತೆಲುಗನ್ನೂ ನಿರರ್ಗಳವಾಗಿ ಆಡಬಲ್ಲವರಾದರೂ, ತಮಗೆ ಗೊತ್ತಿರುವ ನಾಲ್ಕು ಇಂಗ್ಲಿಷ್ ಶಬ್ದಗಳನ್ನು ನಾಯಿಗೆಂದೇ ಮೀಸಲಿಟ್ಟಿರುವರು. ಅವರು 'ಕಮ್' ಎಂದರೆ ಟೈಗರ್ ಬಾರದು. ಒಳಗಿನಿಂದ ಮನೆಯಾಕೆ 'ಬಾರಲೇ ಈ ಕಡೆ' ಎಂದರೆ ಓಡುವುದು. ಈ ಅವಿಧೇಯತೆಗೆ ಅವರು ಕೊಟ್ಟಿರುವ ಹೆಸರು ಸ್ವಾತಂತ್ರ್ಯಪ್ರಿಯತೆ.

ಅವರ ಪ್ರೀತಿಗೆ ಕಾಲನಿಯಮವಿಲ್ಲ. ಮಲಗಿದ ನಾಯಿಯನ್ನು ಎಬ್ಬಿಸಿ, ಎರಡು ಕೈಗಳಿಂದ ಬಿಗಿದಪ್ಪಿ, ಮುಖಕ್ಕೆ ಮುಖವಿಟ್ಟು, ಕಣ್ಣಲ್ಲಿ ಕಣ್ಣು ನೆಟ್ಟು ಮುದ್ದಿಸುವರು. ನಾಯಿಗಳ ಲೋಕದಲ್ಲಿಯಾದರೋ ನೆಟ್ಟ ನೋಟವೆಂದರೆ ಬೆದರಿಕೆ, ಬಿಗಿದ ಅಪ್ಪುಗೆಯೆಂದರೆ ಬಂಧನ. ಹೀಗೆ ಸಿಕ್ಕಿಬಿದ್ದ ಪ್ರಾಣಿಯು ಮುಖ ತಿರುವಿ, ತುಟಿ ನೆಕ್ಕಿ, ಆಕಳಿಸಿ, ಕಣ್ಣಿನ ಬಿಳುಪನ್ನು ತೋರಿದರೆ 'ಸಾಕು, ಬಿಡಿರಿ' ಎಂದು ವಿಜ್ಞಾಪಿಸುತ್ತಿದೆಯೆಂದೇ ತಿಳಿಯಬೇಕು. ಶ್ವಾನವತ್ಸಲರ ಭಾಷ್ಯವೇ ಬೇರೆ. ಆಕಳಿಕೆ ಕಂಡರೆ ಜೋಗುಳ. ತುಟಿ ನೆಕ್ಕಿದರೆ ಹಸಿವೆಂದು ಬಗೆದು ಹಿಡಿ ತುಂಬ ಒಣದ್ರಾಕ್ಷಿ! ದ್ರಾಕ್ಷಿ ಬೆಳೆಯುವ ಜಿಲ್ಲೆಯಲ್ಲಿ ಹುಟ್ಟಿಯೂ ಅದು ನಾಯಿಯ ಮೂತ್ರಪಿಂಡಕ್ಕೆ ವಿಷವಾಗಬಲ್ಲುದೆಂಬುದನ್ನು ಅವರು ನಂಬಲೊಲ್ಲರು. ಆ ದ್ರಾಕ್ಷಿಯನ್ನು ಕಸಿದುಕೊಂಡು ಟೈಗರನ ಪ್ರಾಣವುಳಿಸಿದ ಪುಣ್ಯ ಮನೆಯಾಕೆಯದು.

ಸಂಕ್ರಾಂತಿಯ ಚಳಿಯಲ್ಲಿ ಸಿದ್ಧೇಶ್ವರನ ಗಡ್ಡಾ ಜಾತ್ರೆಗೆ ಕೊಂಡ ಜಕಾರ್ಡ್ ನೇಯ್ಗೆಯ ಚಾದರವನ್ನು, ತಾಪಮಾನ 40 ಡಿಗ್ರಿ ದಾಟುವ ವೈಶಾಖದಲ್ಲಿಯೂ, ನಾಲಗೆ ಚಾಚಿ ತೇಕುವುದರ ಹೊರತು ಮೈ ತಂಪಾಗಿಸಿಕೊಳ್ಳುವ ಉಪಾಯ ಬಹುಮಟ್ಟಿಗೆ ಇಲ್ಲದ ಆ ಜೀವಕ್ಕೆ ಹೊದಿಸುವರು. ತೇಕು ಹೆಚ್ಚಿದರೆ 'ನಗುತ್ತಿದ್ದಾನೆ ನೋಡಿರಿ' ಎನ್ನುವರು.

ಇತ್ತ ಆಕೆ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕುಳಿತಿರುವಾಗ ಟೈಗರ್ ತಾನಾಗಿ ಬಂದು ಬೆನ್ನು ತಾಗಿಸಿ ಕೂಡುವುದು. ಆಕೆ ನೋಡದೆಯೇ ಎಡಗೈಯಿಂದ ಅದರ ಎದೆಯನ್ನೂ ಕಿವಿಯ ಬುಡವನ್ನೂ ತುಸು ಕೆರೆದು ನಿಲ್ಲಿಸುವಳು. ಮೂತಿಯಿಂದ ತಿವಿದು ಕೇಳಿದರೆ ಮತ್ತೆ ಕೆರೆಯುವಳು. ಎದ್ದು ಹೋದರೆ ಕರೆಯಳು. ಇದನ್ನು ಕಂಡಾಗಲೆಲ್ಲ ಶ್ವಾನವತ್ಸಲರು ನಮ್ಮ ಸ್ತ್ರೀಯರ ಹೃದಯಶುಷ್ಕತೆಯನ್ನು ಕುರಿತು ಮರುಗುವರು.

ನೆರೆಯವರು ಗೊಣಗಿದರೆ ಅವರ ಬಳಿ ಶಾಸ್ತ್ರಾಧಾರ ಸಿದ್ಧ. ಊರ ಪಕ್ಕದ ಬಾಳೆಯಲ್ಲಿ ನೆಲೆಸಿದ ಖಂಡೋಬನು, ಅರ್ಥಾತ್ ನಮ್ಮ ಮೈಲಾರಲಿಂಗನು, ನಾಯಿಯನ್ನು ಜೊತೆಗಿರಿಸಿಕೊಂಡ ದೈವವಲ್ಲವೇ? ಅವನ ವಗ್ಗಯ್ಯರು ಸ್ವತಃ ಬೊಗಳುವುದಿಲ್ಲವೇ? ಬೊಗಳುವುದು ದೈವಸೇವೆಯಾದ ನಾಡಿನಲ್ಲಿ ಪ್ರತಿವಾದ ಹೂಡುವುದು ಕಷ್ಟವೆಂದು ನಾನೂ ಒಪ್ಪುತ್ತೇನೆ.

ಕಳೆದ ಗುರುವಾರ ಅವರೊಡನೆ ಅಕ್ಕಲಕೋಟೆಗೆ ಹೋಗಿದ್ದೆ. 1878ರಲ್ಲಿ ಸಮಾಧಿಸ್ಥರಾದ ಸ್ವಾಮಿ ಸಮರ್ಥರನ್ನು ದತ್ತಾವತಾರವೆಂದು ಪೂಜಿಸುವ ಆ ಕ್ಷೇತ್ರದಲ್ಲಿ, ವಟವೃಕ್ಷ ದೇಗುಲದ ಬಳಿಯ ಅಂಗಡಿಯೊಂದರಲ್ಲಿ ದತ್ತಾತ್ರೇಯನ ಪಟವನ್ನು ಅವರಿಗೆ ಉದ್ದೇಶಪೂರ್ವಕವಾಗಿ ತೋರಿಸಿದೆ. ವೇದಗಳ ಪ್ರತೀಕವೆನ್ನುವ ನಾಲ್ಕು ನಾಯಿಗಳು ಪಾದಗಳ ಸಮೀಪದಲ್ಲಿ ತಮ್ಮ ಪಾಡಿಗೆ ತಾವಿದ್ದವು. ಭಗವಂತನಿಗೆ ಆರು ಕೈಗಳಿದ್ದರೂ ಒಂದಾದರೂ ಯಾವ ನಾಯಿಯನ್ನೂ ಹಿಸುಕುತ್ತಿರಲಿಲ್ಲ. ಶ್ವಾನವತ್ಸಲರು ಬಹಳ ಹೊತ್ತು ನೋಡಿದರು. ಕಣ್ಣು ತೇವಗೊಂಡವು.

'ನಾಲ್ಕು!' ಎಂದರು. 'ನಮ್ಮ ಟೈಗರ್ ಪಾಪ, ಇಷ್ಟು ದಿನ ಒಬ್ಬನೇ!'

ಸೊಲ್ಲಾಪುರದ ಬಸ್ಸನ್ನು ಹತ್ತುವ ಮೊದಲು ಅವರು ಪೇಟೆಯಲ್ಲಿ ಮೂರು ಕೊರಳಪಟ್ಟಿಗಳನ್ನು ಕೊಂಡರು.