ಬಂಟ್ವಾಳ ಸೀಮೆಯ ಆಕಾಶದಲ್ಲಿ ಹಾರುವ ತಟ್ಟೆ: ಸೈನಿಕ ಸಾಕ್ಷ್ಯದ ಬೆಳಕಿನಲ್ಲಿ ಒಂದು ಘನಗಂಭೀರ ಅಧ್ಯಯನ

ಮೊದಲು ಪರಿಭಾಷೆ. ಸಮಾರಾಧನೆ ಮುಗಿದ ಅಂಗಳದಿಂದ ಗಾಳಿಗೆದ್ದು ಬಾವಿಕಟ್ಟೆಯವರೆಗೆ ಹೋಗುವ ಹಾಳೆತಟ್ಟೆಯೂ ಹಾರುವ ತಟ್ಟೆಯೇ. ಆದರೆ ಅದರಲ್ಲಿ ಉಂಡವರು ಯಾರೆಂದು ಊರಿಗೇ ಗೊತ್ತಿರುವುದರಿಂದ ಅದನ್ನು ‘ಅಜ್ಞಾತ’ ಎನ್ನಲು ಬಾರದು. ನೇಮದ ಗರ್ನಾಲು, ಕಂಬಳದ ಕರೆಯ ಮೇಲೆ ಗುಂಯ್‌ಗುಡುವ ಡ್ರೋನು ಇವನ್ನೂ ಅದೇ ಕಾರಣಕ್ಕೆ ಬಿಟ್ಟಿದ್ದೇನೆ. ಬಜ್ಪೆಗೆ ಬರುವ ವಿಮಾನದ ದೀಪ ನಮ್ಮತ್ತ ಮುಖ ಮಾಡಿದಷ್ಟು ಹೊತ್ತು ನಿಂತಲ್ಲೇ ನಿಂತಂತೆ ಕಂಡು ಹಲವರನ್ನು ಕಂಗೆಡಿಸುತ್ತದೆ ನಿಜ. ಆದರೆ ಅದಕ್ಕೆ ಟಿಕೆಟ್ ಸಿಗುತ್ತದೆ.

ಎತ್ತರದ ಅಳತೆಗೆ ಪಾಶ್ಚಾತ್ಯರ ಅಡಿ-ಮೈಲಿ ಬೇಡ. ಕಂಬಳದ ಕನೆಹಲಗೆಯ ಓಟದಲ್ಲಿ ಕೆಸರುನೀರು ಆರೂವರೆ ಕೋಲಿನ ನಿಶಾನೆ ಮುಟ್ಟಿತೋ ಏಳೂವರೆಯದ್ದೋ ಎಂದು ಕಣ್ಣಳತೆಯಲ್ಲೇ ಜಗಳಾಡಬಲ್ಲವರು ಮೂಡುಬಿದಿರೆಯ ಕಡಲಕೆರೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಏಳೂವರೆ ಕೋಲಿನಿಂದ ಮೇಲಿನದೆಲ್ಲ ಈ ಪ್ರಬಂಧದ ವ್ಯಾಪ್ತಿ.

ಇನ್ನು ಋತು. ಇಲ್ಲಿ ಆಕಾಶದ ಬೆಳಕುಗಳು ದೀಪಾವಳಿಯ ಹೊತ್ತಿಗೆ ಶುರುವಾಗಿ ಮಳೆಗಾಲಕ್ಕೆ ಮುಂಚಿನ ಪತ್ತನಾಜೆಗೆ ಮುಗಿಯುತ್ತವೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವುದು ಆಗಲೇ, ಭೂತಗಳಿಗೆ ವಿರಾಮವೂ ಆಗಲೇ. ಅನ್ಯಗ್ರಹದವರು ಪತ್ತನಾಜೆ ಪಾಲಿಸುತ್ತಾರೆಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೇ? ಆಮೇಲೆ ನಾಲ್ಕು ತಿಂಗಳು ಮೋಡ ಮುಚ್ಚಿರುತ್ತದೆ, ರಾತ್ರಿ ಆಟ ನೋಡಿ ಮನೆಗೆ ನಡೆಯುವವರೂ ಇರುವುದಿಲ್ಲ ಎಂದು ಕೆಲವರು ಕೊಂಕು ತೆಗೆದರು. ಅಂಥವರನ್ನು ಉಲ್ಲೇಖಿಸುವುದಿಲ್ಲ.

ಸಾಕ್ಷಿಗಳಲ್ಲಿ ಸೈನಿಕನೇ ಶ್ರೇಷ್ಠ ಎಂಬುದು ಈ ಶಾಸ್ತ್ರದ ಮೂಲಸೂತ್ರ. ಬೆಳ್ತಂಗಡಿಯ ಗಡಾಯಿಕಲ್ಲಿನ ನೆತ್ತಿಯಲ್ಲಿ, ಟಿಪ್ಪು ಕಟ್ಟಿಸಿದ ಜಮಾಲಾಬಾದ್ ಕೋಟೆಯೊಳಗೆ ಕಾವಲು ಕೂತವರಿಗಿಂತ ಆಕಾಶಕ್ಕೆ ಹತ್ತಿರದ ಸೈನಿಕರು ಈ ಸೀಮೆಯಲ್ಲಿ ಬೇರೆ ಇರಲಿಲ್ಲ. ಆದರೆ ಅವರಿಗೆ ಸಂಬಳ ಇದ್ದದ್ದು ಕೆಳಗೆ ನೋಡುವುದಕ್ಕೆ. ಅಮೆರಿಕದ ವಾಯುಪಡೆ ಮೇಲೆ ನೋಡುವುದಕ್ಕೂ ಸಂಬಳ ಕೊಟ್ಟಿತು. 1952ರಿಂದ 1969ರವರೆಗೆ ‘ಬ್ಲೂ ಬುಕ್’ ಎಂಬ ಕಡತ ನಡೆಸಿ 12,618 ವರದಿ ಗುಡ್ಡೆ ಹಾಕಿತು. ಕೊನೆಗೆ ಗುರುತು ಸಿಗದೆ ಉಳಿದದ್ದು 701. ಅಷ್ಟು ಖರ್ಚಿಗೆ ಇಷ್ಟೇ ಫಸಲು.

ನಮ್ಮವರದ್ದು ಇದಕ್ಕಿಂತ ರಸವತ್ತಾದ ಪ್ರಕರಣ. 2012ರಲ್ಲಿ ಲಡಾಖಿನ ಪ್ಯಾಂಗಾಂಗ್ ಸರೋವರದ ಬಳಿ ನಮ್ಮ ಸೇನೆಗೂ ಗಡಿ ಪೊಲೀಸರಿಗೂ ಹಳದಿ ಬೆಳಕಿನ ಉಂಡೆಗಳು ಕಂಡವು. ಚೀನಾದ ಕಡೆಯಿಂದ ಮೂಡುವುದು, ಮೂರರಿಂದ ಐದು ಗಂಟೆ ಆಕಾಶದಲ್ಲಿ ಸಾಗುವುದು, ಮಾಯವಾಗುವುದು. ಬೆಟ್ಟದ ಮೇಲೆ ರೇಡಾರ್ ತಂದಿಟ್ಟರು; ಕಣ್ಣಿಗೆ ಕಂಡದ್ದು ರೇಡಾರಿಗೆ ಕಾಣಲಿಲ್ಲ. ಬೆನ್ನಟ್ಟಲು ಡ್ರೋನ್ ಬಿಟ್ಟರು. ಅದು ಏರುವಷ್ಟು ಏರಿ ಸೋತಿತು. ಸೋಲದೆ ಏನು ಮಾಡೀತು? ಗುರಿ ಇದ್ದದ್ದು ಹತ್ತಾರು ಕೋಟಿ ಕಿಲೋಮೀಟರ್ ಆಚೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಬಂದು ಲೆಕ್ಕ ಹಾಕಿ ನೋಡಿದರೆ, ಚೀನಾದ ಗೂಢಚಾರರಾಗಿ ದಾಖಲಾಗಿದ್ದವರು ಗುರು ಮತ್ತು ಶುಕ್ರ. ಅಷ್ಟರಲ್ಲಿ ಸೇನೆಯ ಕಡತದಲ್ಲಿ 329 ದರ್ಶನಗಳು ಸೇರಿದ್ದವು. ಅವುಗಳಲ್ಲಿ 155 ಗಡಿ ಉಲ್ಲಂಘನೆ! ಗ್ರಹವೊಂದರ ಮೇಲೆ ಅತಿಕ್ರಮಣದ ಆರೋಪ ಹೊರಿಸಿದ ಕೀರ್ತಿ ಬೇರೆ ಯಾವ ದೇಶಕ್ಕಿದೆಯೋ ಕಾಣೆ.

ನನ್ನ ಅಜ್ಜಿ ಇದೇ ಶುಕ್ರನನ್ನು ನೋಡಿ ‘ಬೆಳ್ಳಿ ಮೂಡಿತು’ ಎಂದು ಬಚ್ಚಲೊಲೆಗೆ ಬೆಂಕಿ ಹಾಕಲು ಹೋಗುತ್ತಿದ್ದರು. ವರದಿಯಿಲ್ಲ, ರೇಡಾರಿಲ್ಲ. ಇಂಥ ಅವೈಜ್ಞಾನಿಕ ಧೋರಣೆಯಿಂದ ಬಂಟ್ವಾಳ ತಾಲೂಕು ಎಷ್ಟು ಅಜ್ಞಾತ ವಸ್ತುಗಳನ್ನು ಕಳೆದುಕೊಂಡಿದೆಯೋ!

ಆದರೆ ಲಡಾಖ್ ಪ್ರಕರಣದ ಮರ್ಮ ಬೇರೆ. ಸೈನಿಕರು ದಿನ, ಗಂಟೆ, ದಿಕ್ಕು ಬರೆದಿಟ್ಟದ್ದರಿಂದಲೇ ಗುಟ್ಟು ರಟ್ಟಾಯಿತು. ನಮ್ಮಲ್ಲಿ ಇದಕ್ಕೆ ತದ್ವಿರುದ್ಧ. 2021ರ ಡಿಸೆಂಬರಿನಲ್ಲಿ ನಮ್ಮ ಕರಾವಳಿಯ ಮೇಲೆ ದೀಪಗಳ ಸಾಲೊಂದು ರೈಲಿನಂತೆ ಹೋಯಿತು. ಮೊಬೈಲುಗಳೆಲ್ಲ ಮೇಲೆದ್ದವು. ಸ್ಟಾರ್‌ಲಿಂಕ್ ಉಪಗ್ರಹಗಳು ಎಂದು ತಿಳಿದವರು ಹೇಳಿದರೂ, ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ಎಂದು ಬಿ.ಸಿ.ರೋಡಿನಲ್ಲಿ ನಾನು ಕೇಳಿದ ಆರು ಮಂದಿ ಏಳು ಉತ್ತರ ಕೊಟ್ಟರು. ಆದ್ದರಿಂದ ಪ್ರಮೇಯ: ವಸ್ತು ಅಜ್ಞಾತವಾಗಿಯೇ ಉಳಿಯಬೇಕಾದರೆ ಬರೆದಿಡಬಾರದು.

ಈ ಪ್ರಮೇಯಕ್ಕೆ ದೊಡ್ಡ ಅಡ್ಡಿ ನಮ್ಮ ನೆರೆಮನೆಯ ನಿವೃತ್ತ ಹವಾಲ್ದಾರರು. ಸಂಜೆ ಅಡಿಕೆ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರುತ್ತಾರೆ. ತೋಳು ನೀಟಾಗಿ ಚಾಚಿ, ಮುಷ್ಟಿಯ ಮೇಲೆ ಮುಷ್ಟಿ ಇಟ್ಟು ಆಕಾಶ ಅಳೆಯುತ್ತಾರೆ. ಒಂದು ಮುಷ್ಟಿಗೆ ಹತ್ತು ಡಿಗ್ರಿ. ಬಳಿಕ ಪಡಿತರ ಚೀಟಿಯಷ್ಟು ಸಣ್ಣ ಪುಸ್ತಕದಲ್ಲಿ ಬರೆಯುತ್ತಾರೆ.

“ಹವಾಲ್ದಾರರೇ, ಒಂದಾದರೂ ಗುರುತು ಸಿಗದ್ದು ಉಂಟಾ?” ಎಂದೆ, ಆಸೆಯಿಂದ.

“ಎಂತದೂ ಇಲ್ಲ ಮಾಸ್ಟ್ರೇ. ಹೋದ ವಾರ ಒಂದು ಬಂದಿತ್ತು. ಮದುವೆ ಮನೆಯವರ ಡ್ರೋನು. ತೆಂಗಿನ ಮರಕ್ಕೆ ಸಿಕ್ಕಿ ಬಿತ್ತು.”

ಪುಸ್ತಕ ಇಸಕೊಂಡು ಆ ದಿನದ ಪುಟ ನೋಡಿದೆ. ನೀಲಿ ಶಾಯಿ, ಮುದ್ದಾದ ಅಕ್ಷರ.

7.40: ಪೂರ್ವ, ಎರಡು ಮುಷ್ಟಿ. ಗುರು.
8.00: ಪೂರ್ವ, ಎರಡೂವರೆ. ಗುರು.
8.10: ಮಾಸ್ಟ್ರು ಬಂದರು. ಅಡ್ಡ ನಿಂತಿದ್ದಾರೆ. ಗುರು ಕಾಣುವುದಿಲ್ಲ.