ಹಿಂದಿನ ಸೀಟಿನ ಕಿವಿ

ಅಮೆರಿಕಕ್ಕೆ ಮಕ್ಕಳ ಮನೆಗೆ ಹೋದ ನಿವೃತ್ತರಿಗೆ ಸಾಮಾನ್ಯವಾಗಿ ಎರಡು ಉದ್ಯೋಗ ಸಿಗುತ್ತವೆ: ಮೊಮ್ಮಕ್ಕಳನ್ನು ಆಡಿಸುವುದು, ಡಿಶ್‌ವಾಶರ್ ಖಾಲಿ ಮಾಡುವುದು. ಡೆನ್ವರ್‌ನಲ್ಲಿರುವ ಅಣ್ಣನ ಮಗ ನನಗೆ ಮೂರನೆಯದೊಂದು ಕೊಟ್ಟ. ಅವನ ಸ್ಪೋರ್ಟ್ಸ್ ಕಾರಿನ ಹಿಂದಿನ ಸೀಟಿನಲ್ಲಿ, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತು, ಸದ್ದು ಕೇಳುವುದು.

ಸೆಕೆಂಡ್‌ಹ್ಯಾಂಡ್ ಕಾರು. ಕಂಪನಿಯ ಹೆಸರು ಬೇಡ. ಎಂಜಿನ್ನಿನ ಬಲ ನಾಲ್ಕೂ ಚಕ್ರಕ್ಕೆ ಹೋಗುವ ಜಾತಿ. ಕೊಲರಾಡೊದ ಹಿಮಕ್ಕೆ ಇಂಥದ್ದೇ ಬೇಕು ಅನ್ನುವುದು ಹೆಂಡತಿಗೆ ಕೊಟ್ಟ ಕಾರಣ. ನನಗೆ ಹೇಳಿದ್ದೇ ಬೇರೆ: 1980ರಲ್ಲಿ ಜಿನೀವಾ ಪ್ರದರ್ಶನಕ್ಕೆ ಆಡಿ ಕ್ವಾಟ್ರೊ ಬಂತು, ರ‍್ಯಾಲಿಗಳ ಚಹರೆಯೇ ಬದಲಾಯಿತು, 1989ರಲ್ಲಿ ನಿಸಾನಿನ ಸ್ಕೈಲೈನ್ ಜಿಟಿ-ಆರ್ ಬಂತು, ಆಸ್ಟ್ರೇಲಿಯಾದವರು ಅದನ್ನು ಗಾಡ್ಜಿಲ್ಲಾ ಎಂದು ಕರೆದರು. ಇಷ್ಟನ್ನು ಉಸಿರು ಬಿಡದೆ ಒಪ್ಪಿಸುವ ಹುಡುಗ, ಗೋತ್ರ ಯಾವುದಪ್ಪಾ ಎಂದರೆ ಊರಿಗೆ ಫೋನ್ ಮಾಡುತ್ತಾನೆ.

ಕಾಯಿಲೆ ಇದು: ಪಾರ್ಕಿಂಗಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಹೊರಳಿಸಿದರೆ ಕಾರು ಗಡಗಡ ನಡುಗಿ, ಯಾರೋ ಹ್ಯಾಂಡ್‌ಬ್ರೇಕ್ ಎಳೆದ ಹಾಗೆ ಮುಗ್ಗರಿಸುತ್ತಿತ್ತು. ಗ್ಯಾರೇಜಿಗೆ ಒಯ್ದರೆ ಮಾತ್ರ ಪರಮ ಸಾಧು. ರಾತ್ರಿ ಅಲ್ಲೇ ಇಟ್ಟುಕೊಂಡು ಬೆಳಿಗ್ಗೆ ಓಡಿಸಿ ನೋಡಿದ ಮೆಕ್ಯಾನಿಕ್ ‘ಏನೂ ಇಲ್ಲ’ ಎಂದು ಬರೆದ. ಏನೂ ಇಲ್ಲದ್ದಕ್ಕೆ ಬಿಲ್ ಮಾತ್ರ ಇತ್ತು.

ಆಮೇಲೆ ಮನೆಮದ್ದು ಶುರು. ವಿಧಾನ ಚೆನ್ನಾಗಿತ್ತು, ಒಪ್ಪಬೇಕು. ಪೂರ್ತಿ ತಿರುಗಿಸಿದಾಗ ಟಕ್ ಟಕ್ ಟಕ್ ಎಂದರೆ ಚಕ್ರದ ಬಳಿಯ ಸಿವಿ ಜಾಯಿಂಟ್. ಗೇರಿಗೆ ಬಿದ್ದೊಡನೆ ಧಡ್ ಎಂದರೆ ಎಂಜಿನ್ ಮೌಂಟೋ ಪ್ರೊಪೆಲ್ಲರ್ ಶಾಫ್ಟೋ ಸಡಿಲ. ಹೆದ್ದಾರಿಯಲ್ಲಿ ಗುಂಯ್ ಎನ್ನುವುದು ಎಡಕ್ಕೆ ತಿರುಗಿಸಿದಾಗ ಜೋರಾದರೆ ಅನುಮಾನ ಬಲಗಡೆಯ ಬೇರಿಂಗಿನ ಮೇಲೆ, ಭಾರ ಆ ಕಡೆ ಬೀಳುತ್ತದಲ್ಲ. ಆಕ್ಸಿಲರೇಟರ್ ಒತ್ತಿದಾಗ ಒಂದು ಶ್ರುತಿ, ಬಿಟ್ಟಾಗ ಇನ್ನೊಂದು ಎಂದರೆ ಡಿಫರೆನ್ಷಿಯಲ್ಲಿನ ಹಲ್ಲು. ಅವನು ಓಡಿಸುವುದು, ನಾನು ಹಿಂದಿನಿಂದ ‘ಟಕ್ ಇಲ್ಲ, ಧಡ್ ಇಲ್ಲ, ಗುಂಯ್ ಇಲ್ಲ’ ಎಂದು ವರದಿ ಒಪ್ಪಿಸುವುದು. ಆ ದೇಶದಲ್ಲಿ ಇದು ಮರ್ಯಾದಸ್ಥರ ಕೆಲಸವೇ ಅನ್ನಿ. ‘ಕಾರ್ ಟಾಕ್’ ಎಂಬ ರೇಡಿಯೊ ಕಾರ್ಯಕ್ರಮದಲ್ಲಿ ಟಾಮ್ ಮತ್ತು ರೇ ಮ್ಯಾಗ್ಲಿಯೊಟ್ಜಿ ಎಂಬ ಅಣ್ಣತಮ್ಮಂದಿರು ಕೇಳುಗರ ಬಾಯಲ್ಲೇ ಕಾರಿನ ಸದ್ದು ಮಾಡಿಸಿ, ಹೊಟ್ಟೆ ಹಿಡಿದು ನಕ್ಕು, ಆಮೇಲೆ ರೋಗ ಹೇಳುತ್ತಿದ್ದರು. 2012ರವರೆಗೂ ನಡೆಸಿದರು.

ಡಿಫರೆನ್ಷಿಯಲ್ ಆಯಿಲ್ ಇಳಿಸಿದ್ದೂ ಆಯಿತು. ಅದರ ಬಿರಡೆಯ ತುದಿಗೊಂದು ಅಯಸ್ಕಾಂತ. ಬೆರಳಿನಿಂದ ಒರೆಸಿದರೆ ಬೂದು ಬಣ್ಣದ ನುಣ್ಣನೆಯ ಲೇಪ. ‘ಇದು ಸಹಜ ಸವೆತ ಚಿಕ್ಕಪ್ಪ, ಚೂರು ಸಿಕ್ಕಿದ್ದರೆ ಅಳಬೇಕಿತ್ತು’ ಎಂದು ಸಂತೋಷದಿಂದ ನನ್ನ ಕೈಗೂ ಬಳಿದ. ಗಂಧಕದ ಆ ವಾಸನೆ ಸೋಪಿಗೆ ಜಗ್ಗುವುದಲ್ಲ. ಊಟಕ್ಕೆ ಕೂತಾಗ ಅವನ ಹೆಂಡತಿ ಸಾರಿನ ಪಾತ್ರೆ ಮೂಸಿ, ಇಂಗು ಜಾಸ್ತಿಯಾಯಿತೇ ಎಂದು ಚಿಂತೆಗೆ ಬಿದ್ದಳು.

ಸುಳಿವು ಸಿಕ್ಕಿದ್ದು ದಿನಸಿ ತರಲು ಹೋದ ದಿನ. ಬೆಳಿಗ್ಗೆ ಮನೆ ಮುಂದೆ ಹೊರಳಿಸಿದಾಗ ತೆಪ್ಪಗಿದ್ದ ಕಾರು, ಬೋಲ್ಡರ್‌ಗೆ ಹೋಗಿಬಂದು ಅಂಗಡಿ ಮುಂದೆ ತಿರುಗಿಸಿದರೆ ಒದೆಯಿತು. ‘ಮೈ ಬಿಸಿಯಾದರೆ ಮಾತ್ರ ಇದಕ್ಕೆ ಸಿಟ್ಟು ಕಣೋ’ ಎಂದೆ. ಹುಡುಗ ಬ್ರೇಕ್ ಒತ್ತಿ, ಹಿಂದೆ ತಿರುಗಿ ನನ್ನನ್ನೇ ನೋಡಿದ.

ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ವಿಸ್ಕಸ್ ಕಪ್ಲಿಂಗ್ ಎಂಬುದೊಂದಿದೆ. ಮುಚ್ಚಿದ ಡಬ್ಬಿ, ಒಳಗೆ ಸಿಲಿಕೋನ್ ದ್ರವ, ಅದರಲ್ಲಿ ಒತ್ತೊತ್ತಾಗಿ ತೂತಿನ ಬಿಲ್ಲೆಗಳು. ಎರಡು ಕಡೆಯ ವೇಗ ಬೇರೆಯಾದರೆ ದ್ರವ ಕಡೆದು ಕಡೆದು ಕಾಯುತ್ತದೆ, ಹಿಗ್ಗುತ್ತದೆ, ಕೊನೆಗೆ ಬಿಲ್ಲೆಗಳು ಕಚ್ಚಿಕೊಳ್ಳುತ್ತವೆ. ಹಿಮದಲ್ಲಿ ಅದು ವರ. ಒಣ ಡಾಂಬರಿನ ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಉರುಳಲೇಬೇಕು. ಬಿಡದಿದ್ದರೆ ಕಾರು ಮುಗ್ಗರಿಸದೆ ಇನ್ನೇನು ಮಾಡೀತು? ರಾತ್ರಿಯೆಲ್ಲ ತಣ್ಣಗೆ ಮಲಗಿದ್ದು ಬೆಳಿಗ್ಗೆ ಮೆಕ್ಯಾನಿಕ್ಕಿನ ಕೈಗೆ ಸಿಕ್ಕಿದ ಕಾರು ಸಾಧುವಾಗಿದ್ದದ್ದು ಇದಕ್ಕೇ.

ಆದರೆ ನೇರ ಹೆದ್ದಾರಿಯಲ್ಲಿ ವೇಗ ಬೇರೆಯಾಗುವುದೇಕೆ? ಸೊಸೆ ಬ್ಲೌಸ್ ಅಳೆಯುವ ಟೇಪು ತಂದಳು. ಟೈರುಗಳ ಸೊಂಟದ ಅಳತೆ ತೆಗೆದೆವು. ಹಿಂದಿನ ಎಡಗಡೆಯದು ಮಾತ್ರ ಮಿಕ್ಕವಕ್ಕಿಂತ ಸುಮಾರು 19 ಮಿಲಿಮೀಟರ್ ಜಾಸ್ತಿ. ಹಳೆಯ ಮಾಲೀಕ ಒಂದೇ ಒಂದು ಟೈರು ಹೊಸದು ಹಾಕಿಸಿ ಮಾರಿದ್ದ. ಮೂರು ಮಿಲಿಮೀಟರ್ ಸವೆತದ ವ್ಯತ್ಯಾಸ ಸುತ್ತಳತೆಯಲ್ಲಿ ಅಷ್ಟಾಗುತ್ತದೆ. ಸುಬಾರು ಕಂಪನಿ ತನ್ನ ಕಾರುಗಳಿಗೆ ಕಾಲು ಇಂಚಿಗಿಂತ, ಅಂದರೆ ಸುಮಾರು 6 ಮಿಲಿಮೀಟರಿಗಿಂತ ಹೆಚ್ಚು ಒಪ್ಪುವುದಿಲ್ಲ. ಅಡ್ಡಪಲ್ಲಕ್ಕಿ ಹೊರುವ ನಾಲ್ವರಲ್ಲಿ ಒಬ್ಬ ಎತ್ತರದವನಾದರೆ ಕುಲುಕಾಡುವುದು ಒಳಗೆ ಕೂತ ಸ್ವಾಮಿಗಳು ತಾನೇ?

ಹಾಗಾದರೆ ನಾಲ್ಕೂ ಹೊಸದು ಹಾಕಿಸಬೇಕೇ ಎಂದು ಕೇಳಿದೆ. ಬೇಡವಂತೆ. ಹೊಸ ಟೈರನ್ನು ಯಂತ್ರಕ್ಕೆ ಕೊಟ್ಟು ಹೆರೆಸಿ ಹಳೆಯದರ ಅಳತೆಗೆ ಇಳಿಸುವವರು ಅಲ್ಲಿದ್ದಾರಂತೆ. ದುಡ್ಡು ತೆಗೆದುಕೊಂಡು! ಚಪ್ಪಲಿಯ ಉಂಗುಷ್ಠ ಮೂರು ಸಲ ಹೊಲಿಸಿದವನು ನಾನು, ಕೇಳಿಕೊಂಡು ಸುಮ್ಮನಿರಲಾದೀತೇ? ‘ಆ ಟೈರು ನನ್ನ ಜೊತೆ ಕಳಿಸು. ಸಾಗರದ ನಮ್ಮ ಮನೆ ರಸ್ತೆಯಲ್ಲಿ ಒಂದು ಮಳೆಗಾಲ ಉರುಳಿಸಿ ವಾಪಸು ಕೊಡುತ್ತೇನೆ, ಪುಕ್ಕಟೆ’ ಎಂದೆ.

ಅವನು ವಿಮಾನದಲ್ಲಿ ಲಗೇಜು ಎಷ್ಟು ಕಿಲೋ ಬಿಡುತ್ತಾರೆಂದು ಫೋನಿನಲ್ಲಿ ಹುಡುಕತೊಡಗಿದ.