ಕೊನೇ ಬೆಂಚಿನ ಸಾಹುಕಾರ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಯಾವ ಹೈಸ್ಕೂಲಿಗೆ ಹೋದರೂ ಹತ್ತನೇ ಇಯತ್ತೆಯ ಇಂಗ್ಲಿಷ್ ತಾಸಿನಲ್ಲಿ ಅವನಿರುತ್ತಾನೆ. ಕೊನೇ ಬೆಂಚು, ಕಿಟಕಿ ಪಕ್ಕ, ಬೆನ್ನು ಗೋಡೆಗೆ. ಪುಸ್ತಕ ಮನೆಯಲ್ಲಿ, ಪೆನ್ನು ಪಕ್ಕದವನದು. ಪ್ರಶ್ನೆ ಕೇಳಿದರೆ ಏಳುವುದಕ್ಕೇ ಹೊತ್ತು ಬೇಕು. ಎದ್ದ ಮೇಲೆ ಒಂದೇ ಉತ್ತರ: "ಬರೂದಿಲ್ರಿ ಸರ್." ಅದರಲ್ಲಿ ನಾಚಿಕೆಯಿಲ್ಲ, ಸಿಟ್ಟೂ ಇಲ್ಲ. ಮುಂದಿನ ಪ್ರಶ್ನೆ ಕೇಳುವವನೂ ಅವನೇ: "ಕೂಡ್ಲೇನ್ರಿ?"

ಹೊಸದಾಗಿ ಬಿ.ಎಡ್. ಮುಗಿಸಿ ಬಂದ ಮಾಸ್ತರರು ಮೊದಲ ವಾರವೇ ಇವನನ್ನು ಬಗ್ಗಿಸಿಯೇ ತೀರುತ್ತೇನೆಂದು ಹಟ ಹಿಡಿಯುತ್ತಾರೆ. ಎಲ್ಲರೆದುರು ನಿಲ್ಲಿಸಿ ಬೈಯುತ್ತಾರೆ. ಅಲ್ಲೇ ಲೆಕ್ಕ ತಪ್ಪುವುದು. ಇಡೀ ವರ್ಗ ತನ್ನತ್ತ ತಿರುಗಿ ನೋಡುವ ಭಾಗ್ಯ ಅವನಿಗೆ ಪುಕ್ಕಟೆ ಸಿಕ್ಕಿತಲ್ಲ! ಒಬ್ಬರು ಊರಭಿಮಾನ ಕೆಣಕಿ ನೋಡಿದರು: "ಲೇ ತಮ್ಮಾ, ವಿ.ಕೃ. ಗೋಕಾಕರು ನಮ್ಮ ಸವಣೂರಿನವರು. ಆಕ್ಸ್‌ಫರ್ಡಿನಾಗ ಇಂಗ್ಲಿಷ್ ಓದಿದವರು, ಹೈದರಾಬಾದಿನ ಇಂಗ್ಲಿಷ್ ಸಂಸ್ಥೆಗೆ ನಿರ್ದೇಶಕರಾದವರು. ನಿನಗ ಒಂದು ಸಾಲು ಓದಾಕ ಏನಾಗೈತಿ?" ಹುಡುಗ ವರ್ಷದಲ್ಲಿ ಮೊದಲ ಸಲ ಬಾಯಿ ಬಿಟ್ಟ: "1981ರಾಗ ಕನ್ನಡ ಮೊದಲು ಅಂತ ವರದಿ ಕೊಟ್ಟವರೂ ಅವರ ಅಲ್ಲೇನ್ರಿ ಸರ್?" ಮಾಸ್ತರರು ಹಾಜರಿ ಪುಸ್ತಕ ತೆರೆದರು. ಹಾಜರಿ ಆಗಲೇ ಆಗಿತ್ತು.

ಆ ಪುಸ್ತಕವಾದರೂ ಏನು ಹೇಳೀತು? ಸೋಮವಾರ, ಗುರುವಾರ ಗೈರು. ಅವು ಬ್ಯಾಡಗಿ ಮೆಣಸಿನಕಾಯಿ ಪೇಟೆಯ ದಿನಗಳು. ಹಂಗಾಮಿನಲ್ಲಿ ಒಂದೇ ದಿನ ಲಕ್ಷ ಮೀರಿ ಚೀಲ ಇಳಿಯುವ ಪೇಟೆ ಅದು. ಜನವರಿಯಿಂದ ಮಾರ್ಚ್‌ವರೆಗಿನ ಆ ಹಂಗಾಮೇ ಎಸ್ಸೆಸ್ಸೆಲ್ಸಿ ಓದಿನ ಹಂಗಾಮೂ ಹೌದು. ಯಾವುದು ಗೆಲ್ಲುತ್ತದೆಂದು ಬೇರೆ ಹೇಳಬೇಕಿಲ್ಲ. ಅಲ್ಲಿ ಇವನು ಡಬ್ಬಿ ಯಾವುದು, ಕಡ್ಡಿ ಯಾವುದು, ಗುಂಟೂರು ಯಾವುದು ಎಂದು ದೂರದಿಂದಲೇ ಹೇಳುತ್ತಾನೆ. ಕಾಯಿ ಹಿಸುಕಿ ಹಸಿ ಎಷ್ಟಿದೆಯೆಂದು ದಲಾಲರೊಂದಿಗೆ ವಾದಕ್ಕಿಳಿಯುತ್ತಾನೆ. ರಾಣೆಬೆನ್ನೂರಿನವನಾದರೆ ಬೀಜದ ಪ್ಲಾಟಿನಲ್ಲಿ ಕ್ರಾಸಿಂಗ್. ಯಾವ ಗಂಡು ಹೂವಿನ ಪರಾಗ ಯಾವ ಹೆಣ್ಣು ಹೂವಿಗೆ ಎಂಬುದು ಬಾಯಿಪಾಠ. ಇನ್ನು ದೀಪಾವಳಿ ಬಂತೆಂದರೆ ಮೂರೂ ತಾಲೂಕಿನವರಿಗೆ ಕೊರಳಿಗೆ ಕೊಬ್ಬರಿ ಕಟ್ಟಿ ಹೋರಿ ಓಡಿಸುವ ಹೋರಿ ಹಬ್ಬ. ಶಾಲೆಯಲ್ಲಿ ತುಟಿ ಬಿಚ್ಚದವನು ಅಖಾಡದಲ್ಲಿ ಮೈಕು ಸಿಕ್ಕರೆ ಬಿಡುವುದಿಲ್ಲ. ವರ್ಗದಲ್ಲಿ ಮಾತ್ರ ಅವನೇ ಹೋರಿ: ಮಾಸ್ತರರು ಕೊರಳಿನ ಕೊಬ್ಬರಿಗೆ ಕೈ ಹಾಕುತ್ತಾರೆ, ಅವನು ಮೈ ಕೊಡವಿಕೊಂಡು ಪಾರಾಗುತ್ತಾನೆ.

ಡಿಸೆಂಬರ್ ಹೊತ್ತಿಗೆ ಫಲಿತಾಂಶ ಸುಧಾರಣೆಯ ಗಾಳಿ ಬೀಸುತ್ತದೆ. ಒಬ್ಬೊಬ್ಬ ಮಾಸ್ತರರಿಗೆ ಇಷ್ಟಿಷ್ಟು ಹುಡುಗರು ದತ್ತು. ಪಾಸಿಂಗ್ ಪ್ಯಾಕೇಜ್ ಕೈಗಿಟ್ಟು, ನಸುಕಿನಲ್ಲಿ ಫೋನ್ ಮಾಡಿ ಎಬ್ಬಿಸಬೇಕು. ಮಾಸ್ತರರು ಅಲಾರಾಂ ಇಟ್ಟುಕೊಂಡು ಐದಕ್ಕೆದ್ದು ಫೋನ್ ಹಚ್ಚಿದರು: "ಎದ್ದಿಯೇನೋ?"

"ಎದ್ದು ಡೇರಿಗೆ ಹಾಲು ಹಾಕಿ ಬಂದೇರಿ. ನೀವು ಈಗ ಎದ್ದ್ರೇನ್ರಿ ಸರ್?"

ಮನೆ ಭೇಟಿಗೆ ಹೋದರೆ ತಾಯಿ ಚಾ ಕೊಟ್ಟು ಆತಂಕದಿಂದ ಕೇಳುತ್ತಾಳೆ: "ನಮ್ಮ ಹುಡುಗಂದು ಬಾಯಿ ಭಾಳರೀ ಸರ್. ಸಾಲ್ಯಾಗೂ ಹಿಂಗ ಗದ್ದಲಾ ಮಾಡ್ತಾನೇನ್ರಿ?" ಆ ಗದ್ದಲದ ಒಂದು ಹನಿಗಾಗಿ ಜೂನ್‌ನಿಂದ ಕಾದು ಕೂತ ಮಾಸ್ತರರು ಚಾ ಕುಡಿದು ಸುಮ್ಮನೆ ಎದ್ದು ಬರುತ್ತಾರೆ.

ನಿವೃತ್ತಿಗೆ ಬಂದ ಹಿರಿಯ ಮಾಸ್ತರರ ದಾರಿ ಬೇರೆ. ಅವರು ವರ್ಗದಲ್ಲಿ ಅವನ ತಂಟೆಗೇ ಹೋಗುವುದಿಲ್ಲ. ಗಂಟೆ ಹೊಡೆದ ಮೇಲೆ, ವರಾಂಡದಲ್ಲಿ ಒಬ್ಬನೇ ಸಿಕ್ಕಾಗ, ಚಪ್ಪಲಿ ಮೆಟ್ಟುತ್ತ ಕೇಳುತ್ತಾರೆ: "ವಾಟ್ ಈಸ್ ದಿ ರೇಟ್ ಟುಡೇ?" ಹುಡುಗ ಯೋಚಿಸುವ ಮೊದಲೇ, "ಡಬ್ಬಿ ಡೌನ್ ಸರ್, ಕಡ್ಡಿ ಓಕೆ, ವೇಟ್ ಮಾಡ್ರಿ" ಎಂದುಬಿಟ್ಟಿರುತ್ತಾನೆ. ವ್ಯಾಕರಣ ಯಾರಿಗೆ ಬೇಕು, ಬೀಗ ತೆಗೆಯಿತು. ಇದನ್ನೇ ಎಲ್ಲರೆದುರು ಕೇಳಿದ್ದರೆ ಅದಕ್ಕೂ "ಬರೂದಿಲ್ರಿ" ಎನ್ನುತ್ತಿದ್ದ.

ಅಂದಹಾಗೆ, ಪಾಸಾಗಲು ಬೇಕಿದ್ದ ಶೇಕಡಾ 35 ಅಂಕವನ್ನು ಸರಕಾರ ಈಗ 33ಕ್ಕೆ ಇಳಿಸಿದೆ. ಕೊನೇ ಬೆಂಚಿನಲ್ಲಿ ಇದಕ್ಕೆ ವ್ಯಾಖ್ಯಾನ ಸಿದ್ಧವಿದೆ: "ನಾವು ಗಟ್ಟಿ ಕುಂತ್ವಿ, ರೇಟ್ ತಾನ ಇಳೀತು."

ಈ ಜಿಲ್ಲೆಗೆ ವರ್ಗವಾಗಿ ಬರಲಿರುವ ಇಂಗ್ಲಿಷ್ ಮಾಸ್ತರರಲ್ಲಿ ನನ್ನದೊಂದು ವಿನಂತಿ. ಸೋಮವಾರ, ಗುರುವಾರ ಟೆಸ್ಟ್ ಇಡಬೇಡಿ. ಹೋರಿ ಹಬ್ಬದ ಮರುದಿನ ಹೋಂವರ್ಕ್ ಕೇಳಬೇಡಿ. ಎಬ್ಬಿಸುವ ಫೋನನ್ನು ದಯವಿಟ್ಟು ನಾಲ್ಕಕ್ಕೇ ಮಾಡಿ.